ಚಿತ್ರದಲ್ಲಿ ನಿಂತ ಟ್ರ್ಯಾಕ್ಟರ್

ಚರಿಗೆಯಲ್ಲಿ ನೀರು ಹಿಡಿದು ಹೊಲದ ಕಡೆ ಹೊರಟವನನ್ನು ನಮ್ಮ ಭಾಗದಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಎದುರಿಗೆ ಬಂದವರು ಮರ್ಯಾದೆಯಿಂದ ಮುಖ ಅತ್ತ ತಿರುಗಿಸಿ ಹೋಗುತ್ತಾರೆ. ಜಲವರ್ಣದ ಹುಚ್ಚು ಹಿಡಿದಿದ್ದ ನನಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಿಲ್ಲ. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ರವಿವಾರ ಬಂತೆಂದರೆ ಬಸ್ಸು ಹತ್ತಿ ರಾಯಬಾಗವೋ ಅಥಣಿಯೋ ಕಾಗವಾಡವೋ ಸಿಕ್ಕಲ್ಲಿ ಇಳಿದು, ಚರಿಗೆ ಹಿಡಿದು ಬದುವಿನ ಮರೆಗೆ ಕೂತು, ನನ್ನ ಪಾಡಿಗೆ ಬಣ್ಣ ಕಲಸುತ್ತಿದ್ದೆ. ಅಷ್ಟು ಹೊತ್ತು ಏಳದೆ ಕೂತವನ ಹೊಟ್ಟೆಯ ಬಗ್ಗೆ ಊರವರು ಮರುಕಪಟ್ಟಿರಬಹುದು. ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ.

ಕೆಟ್ಟದ್ದು ಪೇಸ್ಟಲ್‌ನಿಂದ. ಕೊಲ್ಹಾಪುರದ ಅಂಗಡಿಯವನೊಬ್ಬನ ಮಾತಿಗೆ ಮರುಳಾಗಿ ಒಂದು ಡಬ್ಬಿ ಪೇಸ್ಟಲ್ ಕಡ್ಡಿ ತಂದೆ. ಪೇಸ್ಟಲ್‌ಗೆ ನೀರು ಬೇಡ; ನೀರು ಬೇಡವೆಂದ ಮೇಲೆ ಚರಿಗೆಯೂ ಬೇಡ. ಚರಿಗೆಯಿಲ್ಲದೆ ಹೊಲದಲ್ಲಿ ಕೂತವನು ನಮ್ಮ ಜನರ ಪ್ರಕಾರ ಸರಕಾರದವನು. ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಪೆನ್ಸಿಲ್ ಹಿಡಿದು ಬೇವಿನ ಮರದ ಎತ್ತರ ಅಳೆದೆನೋ ಇಲ್ಲವೋ, ಕಬ್ಬಿನೊಳಗಿಂದ ಒಬ್ಬ ಹೊರಬಿದ್ದ.

"ಮೋಜಣಿಗೆ ಬಂದೀರೇನ್ರಿ ಸಾಹೇಬ್ರ? ನಮ್ಮ ಹೊಲದ ಬದು ಆ ಕಡೆ ಐತ್ರಿ."

"ಅಲ್ಲಪಾ, ನಾ ಹೊಲಾ ಅಳ್ಯಾಕ ಬಂದಿಲ್ಲ. ಚಿತ್ರ ತಗ್ಯಾಕತ್ತೀನಿ."

"ಯಾರು ತಗ್ಯಾಕ ಹೇಳ್ಯಾರ್ರಿ?"

ಯಾರೂ ಹೇಳಿಲ್ಲ ಎಂದರೆ ಅನುಮಾನ ಇನ್ನೂ ಹೆಚ್ಚುತ್ತಿತ್ತು. ಮಾಸ್ತರನೆಂದು ತಿಳಿದ ಮೇಲೆ ಅನುಮಾನ ಹೋಗಿ ಅನುಕಂಪ ಬರುತ್ತಿತ್ತು. ಪೇಸ್ಟಲ್ ಕಡ್ಡಿ ಅವರ ಕಣ್ಣಿಗೆ ಸಾಲಿಯ ಹಲಗೆಯ ಮೇಲೆ ಬರೆಯುವ ಬಣ್ಣದ ಖಡು. "ಪಾಪ, ಖಡುದ ಚಟ ರವಿವಾರನೂ ಬಿಡವಲ್ದು," ಎಂದು ಒಬ್ಬ ಮುದುಕಿ ನನ್ನ ಎದುರಿಗೇ ಹೇಳಿ ಹೋದಳು.

ನಿಜ ಹೇಳಬೇಕೆಂದರೆ ಬಯಲಿನಲ್ಲಿ ಕೂತು ಚಿತ್ರ ಬರೆಯುವವರ ಕುಲವೇ ವಿಚಿತ್ರ. ಗಟ್ಟಿಯಾಗಿ ನಿಂತ ಗೋಡೆ ನಮಗೆ ಕಾಣುವುದಿಲ್ಲ, ಬಿದ್ದ ಗೋಡೆ ಕಂಡರೆ ಬಾಯಲ್ಲಿ ನೀರು. ಶಿರಗುಪ್ಪಿಯಲ್ಲಿ ಕಬ್ಬಿನ ರೈತರೊಬ್ಬರು ಹೊಸದಾಗಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದರು. ಗೋಡೆಗೆ ಗಿಳಿಹಸಿರು, ಕಂಬಗಳಿಗೆ ಗುಲಾಬಿ. ಮುಂದೆ ಮಹಡಿ ಏರಿಸಲೆಂದು ಸ್ಲ್ಯಾಬಿನ ಮೇಲೆ ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಬಿಟ್ಟಿದ್ದರು. ನಾನು ಆ ವೈಭವಕ್ಕೆ ಬೆನ್ನು ಕೊಟ್ಟು ಕೂತು, ಎದುರಿಗಿದ್ದ ಅವರದೇ ಹಳೆಯ ಮಣ್ಣಿನ ಮನೆಯ ಚಿತ್ರ ತೆಗೆದೆ. ಅದರ ಅರ್ಧ ಗೋಡೆ ಕುಸಿದು, ಒಳಗೆ ಎಮ್ಮೆ ಕಟ್ಟುತ್ತಿದ್ದರು. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಅದನ್ನು ತೂಗುಹಾಕಿ, ಕೆಳಗೆ ‘ಶಿರಗುಪ್ಪಿಯ ಒಂದು ಮನೆ’ ಎಂದು ಚೀಟಿ ಅಂಟಿಸಿದೆ. ನಮ್ಮ ಕನ್ನಡದ ಅಧ್ಯಾಪಕರು ಅದರ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅಂಥ ಮನೆಯಲ್ಲಿ ಅವರು ಒಂದು ಮಳೆಗಾಲವನ್ನೂ ಕಳೆದಿರಲಿಲ್ಲ.

ಮರುದಿನವೇ ಆ ರೈತರು ಇಸ್ತ್ರಿ ಮಾಡಿದ ಧೋತರ ಉಟ್ಟು ಸ್ಟಾಫ್ ರೂಮಿಗೆ ಬಂದರು. ಊರಿನ ಯಾವನೋ ವಿದ್ಯಾರ್ಥಿ ಸುದ್ದಿ ಮುಟ್ಟಿಸಿದ್ದ.

"ನಿಮಗ ನಮ್ಮ ಮ್ಯಾಲ ಏನ್ ಸಿಟ್ಟ್ರಿ ಸರ್? ಸ್ಲ್ಯಾಬಿನ ಮನಿ ಬಿಟ್ಟು, ಎಮ್ಮಿ ಕಟ್ಟೋ ಜಾಗಾ ತಗದು, ಮನಿ ಅಂತ ಬರ್ದೀರಲ್ಲ! ಬರೋ ರವಿವಾರ ನನ್ನ ಮಗಳನ್ನ ನೋಡಾಕ ನಿಪ್ಪಾಣಿ ಪಾವಣ್ಯಾರು ಬರಾವ್ರದಾರ. ತಂಬಾಕಿನ ವ್ಯಾಪಾರದವ್ರು. ಕೋರ್ಟಿನ ತಾರೀಖಿಗೆ ಚಿಕ್ಕೋಡಿಗೆ ಬರ್ತಿರ್ತಾರ. ಇದನ್ನೇನರ ನೋಡಿದ್ರ ಮುಗೀತು. ಹೋದ ವರ್ಷ ಒಂದು ಸಂಬಂಧ ತಪ್ಪೇತಿ. ಇದೂ ತಪ್ಪಿದ್ರ ನನ್ನ ಮಗಳ ಗತಿ ಏನ್ರಿ?"

ಚಿತ್ರ ಇಳಿಸಿದೆ. ಅಷ್ಟಕ್ಕೆ ಅವರು ಒಪ್ಪಲಿಲ್ಲ. ಕೆಡಿಸಿದವನೇ ರಿಪೇರಿ ಮಾಡಬೇಕಂತೆ. ಪಾವಣ್ಯಾರು ಕೂರುವ ಪಡಸಾಲೆಗೆ ಹೊಸ ಚಿತ್ರ ಬೇಕು. ಪೇಸ್ಟಲ್ ಡಬ್ಬಿ ಹಿಡಿದು ಮತ್ತೆ ಶಿರಗುಪ್ಪಿಗೆ ಹೋದೆ.

"ಮ್ಯಾಲಿನ ಮಜಲಾ ತಗೀರಿ," ಎಂದರು ಯಜಮಾನರು.

"ಇನ್ನೂ ಕಟ್ಟಿಲ್ಲಲ್ರಿ?"

"ಕಟ್ಟಾವ್ರದೀವ್ರಿ. ಕಬ್ಬಿನ ಬಿಲ್ ಬರ್ಲಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಇವರು ಎರಡನ್ನೂ ನನ್ನ ಒಂದೇ ಹಾಳೆಯ ಮೇಲೆ ಮಾಡಿ ನೋಡಲು ಹೊರಟಿದ್ದರು. ಮಹಡಿ ಏರಿಸಿದೆ. ಮಹಡಿಯ ಮೇಲೆ ಟಿವಿ ಆಂಟೆನಾ ನಿಲ್ಲಿಸಿದೆ. ಜೋಡೆತ್ತು ಕಟ್ಟಿದೆ, ಕೊಂಬಿಗೆ ಕೆಂಪು ಹಚ್ಚಿದೆ. ಬಾಗಿಲಲ್ಲಿ ಒಂದು ನಾಯಿ ಮಲಗಿಸಿದೆ. ಅಷ್ಟರಲ್ಲಿ ಭಡಭಡ ಸದ್ದು ಮಾಡುತ್ತ ಒಂದು ಟ್ರ್ಯಾಕ್ಟರ್ ಬಂದು ಅಂಗಳದಲ್ಲಿ ನಿಂತಿತು.

"ಬಾಜೂ ಮನಿಯವ್ರದ್ರಿ. ಸಂಜೀತನಾ ಇರ್ತೈತಿ. ನೋಡಿಕೊಂಡು ತಗೀರಿ," ಎಂದರು ಯಜಮಾನರು. ಚಿತ್ರಕ್ಕಾಗಿ ಒಬ್ಬರು ಟ್ರ್ಯಾಕ್ಟರ್ ಕಡ ತಂದಿದ್ದಾರೆಂದು ನನಗೂ ಸ್ವಲ್ಪ ಗರ್ವ ಬಂದಿತ್ತು. ದೊಡ್ಡ ಗಾಲಿ, ಹೊಗೆಕೊಳವೆ, ದೀಪ, ಯಾವುದನ್ನೂ ಬಿಡದೆ ಬರೆದೆ.

ಆ ರವಿವಾರ ನನ್ನನ್ನೂ ಕರೆದಿದ್ದರು. ಚಿತ್ರಕ್ಕೆ ಗಾಜು ಹಾಕಿಸಿ, ಪಾವಣ್ಯಾರಿಗೆ ನೇರ ಎದುರಾಗುವಂತೆ ಗೋಡೆಗೆ ಬಡಿದಿದ್ದರು. ವರ, ವರನ ತಂದೆ, ಮಾತುಕತೆಗೆ ಹಿರಿಯನಾಗಿ ವರನ ಕಾಕಾ ಬಂದು ಜಮಖಾನೆಯ ಮೇಲೆ ಕೂತರು. ಹುಡುಗಿ ಅವಲಕ್ಕಿಯ ತಾಟುಗಳನ್ನು ಹಿಡಿದು ತಂದು, ಕೊಟ್ಟು, ಗೋಡೆಯ ಬದಿಗೆ ನಿಂತಳು. ಮೂವರೂ ತಾಟು ತೆಗೆದುಕೊಂಡು, ಅವಲಕ್ಕಿ ಮುಕ್ಕುತ್ತ ಚಿತ್ರವನ್ನೇ ನೋಡುತ್ತಿದ್ದರು.

"ಟ್ರ್ಯಾಕ್ಟರ್ ನಿಮ್ದೇನ್ರಿ?" ಕಾಕಾ ಕೇಳಿದ.

"ನಮ್ದ ಅನ್ಕೋರಿ," ಎಂದರು ಯಜಮಾನರು.

"ಹಂಗಾರ ಮಾತ ಮುಗೀತ್ರಿ. ಹುಂಡಾ, ವರದಕ್ಷಿಣಿ ನಮಗ ಏನೂ ಬ್ಯಾಡ. ಟ್ರ್ಯಾಕ್ಟರ್ ಒಂದು ಹುಡುಗನ ಹೆಸರಿಗೆ ಮಾಡಿಬಿಡ್ರಿ."

ಯಜಮಾನರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು. ಹೌದೆಂದರೆ ಟ್ರ್ಯಾಕ್ಟರ್ ಕೊಡಬೇಕು, ಇಲ್ಲವೆಂದರೆ ಸಂಬಂಧ ಬಿಡಬೇಕು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಕೊನೆಗೆ ನನ್ನ ಕಡೆ ಕೈ ತೋರಿಸಿದರು.

"ಅದು ಏನಾಗೇತಂದ್ರ, ಚಂದ ಕಾಣ್ಲಿ ಅಂತ ಸರ್ ತಮ್ಮ ಮನಸಿಗೆ ಬಂದಂಗ ತಗದಾರ್ರಿ."

ಕಾಕಾ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ತಾಟು ಕೈಯಲ್ಲೇ ಹಿಡಿದು ಎದ್ದು ಅಂಗಳಕ್ಕೆ ಹೋದ. ತಲೆಯೆತ್ತಿ ಸ್ಲ್ಯಾಬನ್ನೂ ಸರಳುಗಳನ್ನೂ ಒಮ್ಮೆ ನೋಡಿ, ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು ಒಳಗೆ ಬಂದ.

"ಮ್ಯಾಲಿನ ಮಜಲಾನೂ ಸರ್ ಮನಸಿನಾಗಿಂದ ಏನ್ರಿ?"

ಕಾಕಾನ ಮೇಲೆ ಮೈಯುರಿಯುವಷ್ಟು ಸಿಟ್ಟು ಬಂತು. ಆದರೆ ಮಹಡಿ ನನ್ನ ಕೈಯದೇ. ಬೀಗತನ ಬೇಡವಾದರೂ ಅವಲಕ್ಕಿ ಬಿಡುವ ಜನ ಅವರಲ್ಲ. ತಾಟು ಖಾಲಿ ಮಾಡಿ, ಚಹಾ ಕುಡಿದು, "ಊರಿಗೆ ಹೋಗಿ ನಿರೋಪ ಕಳಸ್ತೀವ್ರಿ," ಎಂದು ಎದ್ದರು. ಹಾಗೆ ಹೇಳಿ ಹೋದವರ ನಿರೋಪ ಯಾವತ್ತೂ ಬರುವುದಿಲ್ಲ, ಅದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವರ ಬಾಗಿಲು ದಾಟುವಾಗಲೂ ತಿರುಗಿ ಚಿತ್ರದ ಟ್ರ್ಯಾಕ್ಟರನ್ನೇ ನೋಡಿದ.

ಅವರ ಜೀಪು ಹೊರಟ ಮೇಲೆ ಯಜಮಾನರು ನನ್ನ ಮೇಲೆ ಹರಿಹಾಯ್ದರು. "ಅಷ್ಟು ಖರೇನ ಕಾಣೋಹಂಗ ಯಾಕ ತಗದ್ರಿ ಸರ್? ಸ್ವಲ್ಪ ಮಬ್ಬ ಮಾಡಿದ್ರ ಕೇಳ್ತಿರ್ಲಿಲ್ಲ ಅವ್ರು!" ನನ್ನ ಕಲೆಗೆ ಇಷ್ಟು ದೊಡ್ಡ ಹೊಗಳಿಕೆ ಆಮೇಲೆ ಎಂದೂ ಸಿಗಲಿಲ್ಲ.

ಹುಡುಗಿ ಖಾಲಿ ತಾಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅವನ್ನು ಕೆಳಗಿಟ್ಟು, ಚಿತ್ರದ ಮುಂದೆ ಹೋಗಿ ನಿಂತು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಅಪ್ಪಾ, ಸರ್‌ಗ್ಯಾಕ ಬೈತಿ? ನೀ ಹೇಳಿದ್ದೆಲ್ಲಾ ತಗದಾರ. ಮಜಲಾ ಐತಿ, ಎತ್ತ ಅದಾವು, ನಾಯಿ ಸೈತ ಐತಿ. ನನ್ನ ನೋಡಾಕ ಬರಾವ್ರಿಗಂತ ತಗಿಸಿದ ಚಿತ್ರ ಇದು. ಇದರಾಗ ನನ್ನ ನಿಂದ್ರಸಬೇಕು ಅಂತ ನಿನಗೂ ಅನಸ್ಲಿಲ್ಲ, ಸರ್‌ಗೂ ಅನಸ್ಲಿಲ್ಲ. ಇನ್ನ ಅವ್ರು ಯಾಕ ನೋಡ್ತಾರ?"