ಅಡುಗೆಮನೆಯ ಬೆಂಕಿ ಮತ್ತು ನನ್ನ ಒಳ್ಳೆಯ ಇಂಗ್ಲಿಷ್

ಫಸ್ಟ್, ನೆಕ್ಸ್ಟ್, ದೆನ್, ಆಫ್ಟರ್ ದಟ್, ಫೈನಲಿ. ಈ ಐದು ಶಬ್ದಗಳನ್ನು ಎಲ್ಲಿ ಕಂಡರೂ ನನಗೆ ಈಗಲೂ ಮೈ ಉರಿಯುತ್ತದೆ. ಕಲಿಸಿದವರ ಮೇಲೆ ಉರಿಯುತ್ತದೆ, ಅಷ್ಟು ಚೆನ್ನಾಗಿ ಕಲಿತ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಎಪ್ಪತ್ತರ ದಶಕದ ಕೊನೆಗೆ ನಾನು ಕಾರ್ಕಳದಿಂದ ಉಡುಪಿಯ ಒಂದು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹಿರಿಯಡ್ಕ ದಾಟುವವರೆಗೂ ಒಂಟಿ ಕಾಲಲ್ಲಿ ನಿಂತು ಪ್ರಯಾಣ. ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷ್ ಕ್ಲಾಸಿನಲ್ಲಿ ಕೊನೆಯ ಬೆಂಚು ಹುಡುಕುತ್ತಿದ್ದೆ. ಅಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಕೆಂಪು ಪೆನ್ನು, ಬಾಯಿ ತುಂಬಾ ವಿಷ. ಚಹಾ ಮಾಡುವುದು ಹೇಗೆ ಎಂದು ಒಂದು ಪುಟ ಬರೆಯಲು ಹೇಳಿದರು. ಮನೆಯಲ್ಲಿ ಮಾತಾಡಿದ ಹಾಗೆ ಬರೆದೆ: ನೀರು ಇಡಬೇಕು, ಆಮೇಲೆ ಪುಡಿ, ಆಮೇಲೆ ಹಾಲು. ಆಮೇಲೆ ಎಂಬುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಶಬ್ದ, ದೆನ್.

ಆ ಪುಣ್ಯಾತ್ಮ ಅದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರು. ಪ್ರತಿ ದೆನ್ನಿಗೆ ಡೆಸ್ಕಿನ ಮೇಲೆ ಬೆರಳಿನಿಂದ ಕುಟ್ಟಿದರು. ಒಂಬತ್ತು ಸಲ ಕುಟ್ಟಿ, "ಕಾರ್ಕಳದಲ್ಲಿ ಚಹಾ ಕುದಿಯಲು ಇಷ್ಟು ಹೊತ್ತು ಬೇಕಾ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ವರ್ಷವಿಡೀ ನನ್ನನ್ನು ನನ್ನ ಬೆಂಚಿನ ಹುಡುಗಿಯರು ಕೂಡ ದೆನ್ ಎಂದೇ ಕರೆದರು. ನಾನು ಹಲ್ಲು ಕಚ್ಚಿ ಕಲಿತೆ. ಯಾವುದರ ನಂತರ ಯಾವುದು, ಎಲ್ಲಿ ಅಲ್ಪವಿರಾಮ, ಒಂದೇ ಶಬ್ದ ಎರಡು ಸಲ ಬರಬಾರದು, ಕೊನೆಯ ವಾಕ್ಯಕ್ಕೆ ಮಾತ್ರ ಫೈನಲಿ. ಮುಂದಿನ ವರ್ಷಕ್ಕೆ ನನ್ನ ಪುಟದಲ್ಲಿ ಅವರ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ.

ಒಂದೇ ಒಂದು ಸಲ ಇತ್ತು. ಕಾಲೇಜಿನ ವಾರ್ಷಿಕೋತ್ಸವದ ವರದಿ ಬರೆಯಲು ನನಗೇ ಹೇಳಿದರು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ: ಫಸ್ಟ್, ಅಟೆಂಡರ್ ಬಂದು ಸಭಾಂಗಣದ ಬಾಗಿಲು ತೆಗೆದ. ಫೈನಲಿ, ಮುಖ್ಯ ಅತಿಥಿಗಳು ಬಂದರು. ಬಂದದ್ದು ಹಾಗೆಯೇ, ಒಂದೂವರೆ ಗಂಟೆ ತಡವಾಗಿ. ಮೇಷ್ಟ್ರು ಕಾಗದವನ್ನು ನನ್ನ ಮುಖದ ಮುಂದೆ ಆಡಿಸಿದರು. "ಅಟೆಂಡರನನ್ನು ಮೊದಲು ಕೂರಿಸಿದ್ದು ಯಾರು ಮಾರಾಯ್ತಿ? ವರದಿಯಲ್ಲಿ ದೊಡ್ಡವರು ಮೊದಲು. ಅಷ್ಟೂ ಮಂಡೆ ಇಲ್ವಾ?"

ಇದರಲ್ಲಿ ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಕಡೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಒಂದು ಗೆರೆ ಕೆಳಗೆ ಹೋದರೆ ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಸ್ವಾಗತ ಭಾಷಣದಲ್ಲಿ ಹಿಂದೆ ಮುಂದೆ ಆದರೆ ಕುರ್ಚಿ ಬಿಟ್ಟು ಎದ್ದು ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನಾನು ತಿದ್ದಿ ಬರೆದೆ. ಆಮೇಲೆ ಬರೆದ ಎಲ್ಲ ವರದಿಗಳಲ್ಲೂ ಯೋಚನೆಯೇ ಮಾಡದೆ ಹಾಗೆಯೇ ಬರೆದೆ.

ಡಿಗ್ರಿ ಮುಗಿದ ಮೇಲೆ ಮಣಿಪಾಲದಲ್ಲಿ ಹುಡುಗಿಯರ ಒಂದು ಖಾಸಗಿ ಹಾಸ್ಟೆಲಿನ ಆಫೀಸಿನಲ್ಲಿ ಟೈಪಿಸ್ಟ್ ಆದೆ. ಹಾಸ್ಟೆಲನ್ನು ನಡೆಸುತ್ತಿದ್ದವರು ಬೊಂಬಾಯಿಯವರು, ಅವರಿಗೆ ಎಲ್ಲ ಕಾಗದವೂ ಇಂಗ್ಲಿಷಿನಲ್ಲೇ ಹೋಗಬೇಕು. ನನಗೆ ಕೆಲಸ ಸಿಕ್ಕಿದ್ದೇ ಆ ಇಂಗ್ಲಿಷಿನಿಂದ.

ಅಲ್ಲಿಯ ಅಡುಗೆಮನೆಯಲ್ಲಿ ತರಕಾರಿ ಹಚ್ಚಲಿಕ್ಕೆ, ಪಾತ್ರೆ ತೊಳೆಯಲಿಕ್ಕೆ ಕಾಪುವಿನ ಒಬ್ಬರು ಹೆಂಗಸಿದ್ದರು. ಎಲ್ಲರಿಗೂ ಅವರು ಅಕ್ಕ. ಅವರ ಹತ್ತಿರ ತುಳು ಬಿಟ್ಟರೆ ಬೇರೆ ಭಾಷೆ ಇಲ್ಲ. ಅಡುಗೆಮನೆಯ ಹಿಂದೆ ಒಂದು ಕೋಣೆ, ಅದರಲ್ಲಿ ಅಕ್ಕ ಮತ್ತು ಹತ್ತನೆಯ ಕ್ಲಾಸಿನ ಮಗಳು. ಕೆಲಸ ಇದ್ದರೆ ಕೋಣೆ, ಕೋಣೆ ಇದ್ದರೆ ಮಗಳಿಗೆ ಶಾಲೆ. ಅಕ್ಕ ನನ್ನನ್ನು ಕಂಡಾಗಲೆಲ್ಲ, "ಇವಳೂ ನಿಮ್ಮ ಹಾಗೆ ಟಕಟಕ ಮಾಡಬೇಕು ತಂಗಿ" ಎಂದು ಹತ್ತು ಬೆರಳು ಆಡಿಸಿ ತೋರಿಸುತ್ತಿದ್ದರು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬೆಂಕಿ ಹತ್ತಿತು. ಅಡುಗೆಯವರು ಹಪ್ಪಳಕ್ಕೆ ಎಣ್ಣೆ ಇಟ್ಟು, ಅಂಗಳದಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಕ್ರಿಕೆಟ್ ಕೇಳುತ್ತಾ ನಿಂತಿದ್ದರು, ದರಿದ್ರ ಮನುಷ್ಯ. ಎಣ್ಣೆ ಹೊತ್ತಿಕೊಂಡು ಪಕ್ಕದ ಸೌದೆಗೆ ತಗುಲಿತು. ಒಳಗಿದ್ದದ್ದು ಅಕ್ಕ ಒಬ್ಬರೇ. ಒದ್ದೆ ಗೋಣಿ ಎಳೆದು ಬಾಣಲೆಯ ಮೇಲೆ ಹಾಕಿದರು, ಉರಿಯುವ ಸೌದೆಯನ್ನು ಬರಿಗೈಯಲ್ಲಿ ಹೊರಗೆಳೆದರು. ಕೂಗು ಕೇಳಿ ನಾನು ಆಫೀಸಿನಿಂದ ಓಡಿ ಹೋದಾಗ ಬೆಂಕಿ ಮುಕ್ಕಾಲು ಆರಿತ್ತು, ಅಕ್ಕನ ಬಲಗೈ ಮೊಣಕೈವರೆಗೆ ಬೆಂದಿತ್ತು. ನನ್ನ ಹಿಂದೆ ಅಡುಗೆಯವರು, ಅವರ ಹಿಂದೆ ವಾರ್ಡನ್ ಅಮ್ಮ. ಮೇನೇಜರು ಬರುವಾಗ ಹೊಗೆಯೂ ಇರಲಿಲ್ಲ. ಮೂಗಿಗೆ ಕರ್ಚೀಫು ಹಿಡಿದು, "ಎಂತ ಆಯ್ತು?" ಎಂದು ಕೇಳಿದರು.

ಮಾರನೆಯ ದಿನ ಅವರು ನನಗೆ ಹೇಳಿದ್ದು ಇಷ್ಟೇ: "ಆದದ್ದನ್ನು ಬರೆದು ಬೊಂಬಾಯಿಗೆ ಕಳಿಸಿ. ಒಳ್ಳೆ ಇಂಗ್ಲಿಷಿನಲ್ಲಿ." ಸುಳ್ಳು ಬರೆಯಿರಿ ಎನ್ನಲಿಲ್ಲ. ಹೇಳಿದ್ದರೆ ನನಗೆ ಎಷ್ಟು ಒಳ್ಳೆಯದಿತ್ತು! ಅವರ ಮೇಲೆ ಹಾಕಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು.

ನಾನು ಟೈಪ್ ಮಾಡಿದೆ. ಫಸ್ಟ್, ಮೇನೇಜರು ಸ್ಥಳಕ್ಕೆ ಬಂದು ಸೂಚನೆ ಕೊಟ್ಟರು. ನೆಕ್ಸ್ಟ್, ವಾರ್ಡನ್ ಹುಡುಗಿಯರನ್ನು ದೂರ ಕಳಿಸಿದರು. ದೆನ್, ಅಡುಗೆಯವರು ಬಂದರು. ಆಫ್ಟರ್ ದಟ್, ಆಫೀಸಿನವರು. ಫೈನಲಿ, ಕಿಚನ್ ಹೆಲ್ಪರ್ ಬಂದು ಒದ್ದೆ ಗೋಣಿ ಹಾಕಿದಳು. ದೊಡ್ಡವರು ಮೊದಲು, ಉಳಿದವರು ಅವರ ಕೆಳಗೆ. ಒಂದು ಅಲ್ಪವಿರಾಮ ತಪ್ಪಲಿಲ್ಲ. ಅದನ್ನು ಓದಿ ನನಗೆ ಹೆಮ್ಮೆಯಾಯಿತು, ಥೂ! ಮೇನೇಜರು ಎರಡು ಸಲ ಓದಿದರು, ಸಹಿ ಹಾಕಿದರು. ಹಿಂದೆ ಮುಂದೆ ಆದದ್ದು ಅವರಿಗೆ ಗೊತ್ತಾಗಿತ್ತು. ನನಗೆ ಗೊತ್ತಾಗಲಿಲ್ಲ.

ಎರಡು ವಾರದ ನಂತರ ಬೊಂಬಾಯಿಯಿಂದ ಇಬ್ಬರು ಬಂದರು. ಕೈಯಲ್ಲಿ ನನ್ನ ಕಾಗದ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಕ್ಕನನ್ನು ಕರೆಸಿ ನಿಲ್ಲಿಸಿದರು. ಅವರ ಇಂಗ್ಲಿಷನ್ನು ತುಳುವಿಗೆ ಮಾಡಿ ಹೇಳುವ ಕೆಲಸ ನನ್ನದು.

"ಅಡುಗೆಮನೆಯಲ್ಲಿ ಇರಬೇಕಾದವಳು ಎಲ್ಲರಿಗಿಂತ ಕೊನೆಗೆ ಬಂದಿದ್ದಾಳೆ. ಒಲೆ ಬಿಟ್ಟು ಎಲ್ಲಿಗೆ ಹೋಗಿದ್ದಳು, ಕೇಳಿ."

ನನ್ನ ಫೈನಲಿ ಏನು ಮಾಡಿತ್ತು ಎಂದು ಆಗ ನನಗೆ ಗೊತ್ತಾಯಿತು. ಕೇಳಿದೆ. ಅಕ್ಕನಿಗೆ ಆಶ್ಚರ್ಯ. "ಎಲ್ಲಿಗೆ ಹೋಗುವುದು ತಂಗಿ? ನಾನು ಅಲ್ಲಿಯೇ ಇದ್ದೆ ಅಲ್ವಾ? ನೀವೇ ನೋಡಿದ್ದೀರಿ."

ಅಲ್ಲಿಯೇ ಇದ್ದರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಂತೆ! ನಾನೇ ನೋಡಿದೆ ಎನ್ನಲಿಲ್ಲ. ಬೊಂಬಾಯಿಯವರು ಕಾಗದವನ್ನು ಮೇನೇಜರ ಕಡೆಗೆ ತಿರುಗಿಸಿ, "ಇದು ಸರಿ ಉಂಟಲ್ಲ?" ಎಂದು ಕೇಳಿದರು. ಮೇನೇಜರು ನನ್ನ ಮುಖ ನೋಡಿದರು. ಕಾಗದ ತಪ್ಪು ಎಂದರೆ ಅವರು ಸುಳ್ಳಿಗೆ ಸಹಿ ಹಾಕಿದ ಹಾಗೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಪ್ಪು ನನ್ನದು, ಸರ್, ಬರೆದ ಕ್ರಮ ಬೇರೆ, ನಡೆದದ್ದು ಬೇರೆ: ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುತ್ತಿತ್ತು. ಅಷ್ಟು ಅವಮಾನ ತಿಂದು ಕಲಿತ ಭಾಷೆ ಅಲ್ವಾ ಅದು! "ಸರಿ ಉಂಟು" ಎಂದರು ಮೇನೇಜರು. ನಾನು ನೆಲ ನೋಡಿದೆ. ಹೇಡಿ ನಾನು. ಬೇರೆ ಶಬ್ದ ಹುಡುಕುವುದಿಲ್ಲ.

ಕ್ರಿಕೆಟ್ ಕೇಳಿದವರ ಕೆಲಸ ಉಳಿಯಿತು. ಅಕ್ಕನಿಗೆ ವಾರದೊಳಗೆ ಕೋಣೆ ಬಿಡಲು ಹೇಳಿದರು. ಮಗಳ ಪಬ್ಲಿಕ್ ಪರೀಕ್ಷೆಗೆ ಆಗ ಮೂರು ತಿಂಗಳೂ ಇರಲಿಲ್ಲ. ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಕಾಪು ಏನು ಸಮುದ್ರದಾಚೆ ಉಂಟಾ? ಒಂದು ದಿನ ಹೋಗಿ ನೋಡಿ ಬರಬಹುದಿತ್ತು. ಹೋಗಲಿಲ್ಲ.

ಅವರು ಹೊರಟ ದಿನ ಬೆಳಿಗ್ಗೆ ಟ್ರಂಕು ಹಿಡಿದು ಬಸ್ ಸ್ಟಾಪಿನವರೆಗೆ ಹೋದೆ. ಮಗಳು ನನ್ನ ಕಡೆ ತಿರುಗಲೇ ಇಲ್ಲ. ಬಸ್ಸು ಕಾಣುವಾಗ ತಡೆಯಲಾಗದೆ ಹೇಳಿಬಿಟ್ಟೆ. "ಅಕ್ಕ, ಆ ಕಾಗದ ಬರೆದದ್ದು ನಾನು."

ಅವರು ಬೈಯಲಿಲ್ಲ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಲೇ ಇರಲಿಲ್ಲವೋ ಏನೋ.

"ಗೊತ್ತುಂಟು ತಂಗಿ" ಎಂದರು. "ಅವತ್ತು ಕೈ ಉರಿಯುತ್ತಿತ್ತು, ಜಗಲಿಯಲ್ಲಿ ಕೂತಿದ್ದೆ. ನಿಮ್ಮ ಮೆಶಿನಿನ ಟಕಟಕ ಕೇಳುತ್ತಾ ಉಂಟು. ಮಗಳಿಗೆ ಹೇಳಿದೆ, ಕೇಳು, ಆಫೀಸಿನ ಅಕ್ಕೋರು ನನ್ನ ಹೆಸರು ಬರೆಯುತ್ತಿದ್ದಾರೆ ಅಂತ."

ಅವರು ಬಸ್ಸು ಹತ್ತಿದರು. ಆ ಕಾಗದದಲ್ಲಿ ನಾನು ಅವರ ಹೆಸರನ್ನೂ ಬರೆದಿರಲಿಲ್ಲ.