ಮೂಗಿಲ್ಲದ ಗಿರಾಕಿ

ಒಸಾಕಾದ ಇಕುನೊ ಪೇಟೆಯ ಒಂದು ಹಿಂದಿನ ಓಣಿಯಲ್ಲಿ ಐದು ಸಾಲುಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಮೊದಲ ಮನೆಯವನು ಸೀನಿದರೆ ಐದನೆಯ ಮನೆಯ ದೀಪ ಅಲುಗುತ್ತದೆ. ನಡುವಿನದು ಹ್ವಾಜಳ ಮನೆ. ಅದರ ಬಾಗಿಲಿಗೆ 'ಮಾರಾಟಕ್ಕಿದೆ' ಎಂಬ ಹಲಗೆ ನೇತುಬಿದ್ದು ಹನ್ನೊಂದು ತಿಂಗಳಾಗಿತ್ತು. ಅಷ್ಟರಲ್ಲಿ ನಲವತ್ತು ಜನ ಬಂದು ನೋಡಿದರು. ನಲವತ್ತೂ ಜನ ಮೂಗು ಮುಚ್ಚಿಕೊಂಡು ಹೋದರು.

ಕಾರಣ, ಅಂಟು. ಹ್ವಾಜ ಮತ್ತು ಅವಳ ಗಂಡ ಚಾಂಗ್ಸು ಆ ಮನೆಯ ಕೆಳಗಿನ ಕೋಣೆಯಲ್ಲಿ ಕೂತು ನಲವತ್ತಮೂರು ವರ್ಷ ಹೆಂಗಸರ ಚಪ್ಪಲಿಗೆ ಅಟ್ಟೆ ಅಂಟಿಸಿದವರು. ಇಬ್ಬರೂ ಜೇಜು ದ್ವೀಪದಿಂದ ಬಂದ ಕೊರಿಯನ್ನರ ಮಕ್ಕಳು, ಹುಟ್ಟಿ ಬೆಳೆದದ್ದು ಇದೇ ಪೇಟೆಯಲ್ಲಿ. ಕೊರಿಯನ್ನರಿಗೆ ಯಾರೂ ಮನೆ ಬಾಡಿಗೆಗೆ ಕೊಡದಿದ್ದ ಕಾಲದಲ್ಲಿ ಹಟ ಹಿಡಿದು ಕೊಂಡ ಮನೆ ಅದು. ಮೂವರು ಹೆಣ್ಣುಮಕ್ಕಳು ಅಲ್ಲೇ ಬೆಳೆದು ಮದುವೆಯಾಗಿ ಹೋದರು. ದಂಪತಿಗಳು ಅಂಟಿಸಿದ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ್ದರೆ ಅವುಗಳ ಮೇಲೆ ಕಾಲಿಡುತ್ತಾ ಚಂದ್ರನವರೆಗೆ ನಡೆದು, ಅವನಿಗೊಂದು ಸುತ್ತು ಹಾಕಿ, ಬರುವಾಗ ಸಂತೆಯನ್ನೂ ಮುಗಿಸಿಕೊಂಡು ಬರಬಹುದಿತ್ತು.

ಅಂಟಿನ ವಾಸನೆ ನೆಲದ ಹಲಗೆಗಳಿಗೆ ಇಳಿದು ಕೂತಿತ್ತು. ಆ ಮನೆಯ ಸೂರಿನ ಮೇಲೆ ಕೂತ ಕಾಗೆಗೆ ಅಮಲೇರಿ ಮರುದಿನ ಮಧ್ಯಾಹ್ನದವರೆಗೆ ಎಚ್ಚರವಾಗುತ್ತಿರಲಿಲ್ಲ. ಒಮ್ಮೆ ಒಳಗೆ ನುಗ್ಗಿದ ಕಳ್ಳನೊಬ್ಬ ತಲೆ ಸುತ್ತಿ ಕುಸಿದು ಕೂತು, ಹ್ವಾಜಳನ್ನೇ ಎಬ್ಬಿಸಿ ಒಂದು ಲೋಟ ನೀರು ಕೇಳಿ ಕುಡಿದು, ಕೈಮುಗಿದು ಹೋದನಂತೆ.

ಆದರೆ ಅದೇ ಅಂಟು ಚಾಂಗ್ಸುವಿನ ಎದೆಯನ್ನೂ ತಿಂದುಹಾಕಿತ್ತು. ಮಹಡಿಯ ಕಿಟಕಿಯ ಪಕ್ಕ ಮಲಗಿದ್ದರೆ ಮಾತ್ರ ಅವನಿಗೆ ಉಸಿರು. ಕೆಳಗಿಳಿಸಿದರೆ ಕೆಮ್ಮು ಹತ್ತಿಕೊಂಡು ತುಟಿ ನೀಲಿಗಟ್ಟುತ್ತಿತ್ತು. ಶೌಚಾಲಯ ಕೆಳಗೆ, ಮೆಟ್ಟಿಲೋ ಏಣಿಯ ಖಾಸಾ ಅಣ್ಣ. ಎಪ್ಪತ್ತೊಂದರ ಹ್ವಾಜ ದಿನಕ್ಕೆ ಹತ್ತು ಹನ್ನೆರಡು ಸಲ ಬಕೆಟ್ಟು ಹಿಡಿದು ಅದನ್ನು ಹತ್ತಿ ಇಳಿಯುತ್ತಿದ್ದಳು. ಕಾಲುವೆಯ ಪಕ್ಕದ ಆರೈಕೆ ಮನೆಯಲ್ಲಿ ನೆಲಮಟ್ಟದ ಕೋಣೆಯೊಂದು ಖಾಲಿಯಾಗಿತ್ತು. ಮನೆ ಮಾರಿದರೆ ಮಾತ್ರ ಆ ಕೋಣೆ. ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಇನ್ನು ಒಂಬತ್ತು ದಿನ ಉಳಿದಿತ್ತು.

ವಾಸನೆ ಓಡಿಸಲು ಓಣಿಯೇ ಟೊಂಕ ಕಟ್ಟಿತ್ತು. ಹ್ವಾಜ ಎಳ್ಳೆಣ್ಣೆ ಕಾಯಿಸಿದಳು. ಪಕ್ಕದ ಜಪಾನಿ ಮುದುಕ ಬುಟ್ಟಿಗಟ್ಟಲೆ ಇದ್ದಿಲು ತಂದಿಟ್ಟ. ಎದುರಿನ ನೇಪಾಳಿ ಹೆಂಗಸು ಧೂಪ ಹಾಕಿದಳು, ಚೀನೀ ಅಡುಗೆಯವನು ಚಕ್ರಮೊಗ್ಗು ಕುದಿಸಿದ. ಕೊನೆಗೆ ಬಂದ ಗಿರಾಕಿ ಹೊಸ್ತಿಲಲ್ಲೇ ನಿಂತು, "ಇದೇನು ಹೋಟ್ಲೋ ಸುಡುಗಾಡೋ?" ಎಂದು ಕೇಳಿ ಹಾಗೇ ತಿರುಗಿದ.

ಶನಿವಾರ ಬೆಳಿಗ್ಗೆ ದಲ್ಲಾಳಿ ನಿಶಿವಾಕಿ ನಲವತ್ತೊಂದನೆಯವಳನ್ನು ಕರೆತಂದ. ಅವಳು ನ್ಯುಂಗ್, ವಿಯೆಟ್ನಾಮಿನ ಹೆಂಗಸು. ಎದೆಗೆ ನಾಲ್ಕು ತಿಂಗಳ ಮಗು ಕಟ್ಟಿಕೊಂಡಿದ್ದಳು.

"ಅಜ್ಜಿ, ನೀವು ದಯವಿಟ್ಟು ಬಾಯಿ ಮುಚ್ಕೊಂಡಿರಿ. ಮಾತೆಲ್ಲ ನಂದು," ಎಂದು ನಿಶಿವಾಕಿ ಪಿಸುಗುಟ್ಟಿದ.

"ನನ್ನ ಬಾಯಿ ನಾನು ಮುಚ್ತೀನಪ್ಪ. ಅವಳ ಮೂಗು ಯಾರು ಮುಚ್ತಾರೆ?"

ನ್ಯುಂಗ್ ಒಳಗೆ ಬಂದಳು. ಗೋಡೆ ತಟ್ಟಿದಳು, ಕಿಟಕಿ ಎಳೆದು ನೋಡಿದಳು, ಕೋಣೆಯನ್ನು ಹೆಜ್ಜೆಯಲ್ಲಿ ಅಳೆದಳು. ಮುಖ ಕಿವುಚಲೇ ಇಲ್ಲ. ನಿಶಿವಾಕಿ ತನ್ನ ಮೂಗಿನ ಮೇಲಿದ್ದ ಕರವಸ್ತ್ರವನ್ನು ಮೆಲ್ಲಗೆ ಕಿಸೆಗಿಳಿಸಿದ.

"ನಿಮಗೆ... ಏನೂ ಅನ್ಸಲ್ವಾ?"

"ಏನು?"

"ಏನಿಲ್ಲ, ಏನಿಲ್ಲ! ಗಾಳಿ ಬೆಳಕು ಚೆನ್ನಾಗಿದೆ ಅಂದೆ."

ಹ್ವಾಜ ಅವಳ ಬೆರಳುಗಳನ್ನು ನೋಡಿದಳು. ತುದಿಗಳು ಕಂದಾಗಿ, ಚರ್ಮ ಸುಲಿದು, ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು.

"ಎಲ್ಲಿ ಕೆಲ್ಸ ಮಗಳೇ?"

"ಇಲ್ಲೇ ಕಾಲುವೆ ಆಚೆ ಅಮ್ಮಾ, ಶೂ ಫ್ಯಾಕ್ಟ್ರೀಲಿ. ಅಂಟು ಹಚ್ತೀನಿ. ಆರು ವರ್ಷ ಆಯ್ತು." ಅವಳು ಕೋಣೆಯ ಮೂಲೆಗೆ ಕೈ ತೋರಿಸಿ ನಕ್ಕಳು. "ತೊಟ್ಲು ಇಲ್ಲೇ ಇಡ್ತೀನಿ. ಆ ಮೆಟ್ಲು ಹತ್ತೋದು ಕಷ್ಟ. ನಮಗೆ ಬೇರೆ ಕಡೆ ಯಾರೂ ಮನೆ ಕೊಡ್ತಿಲ್ಲಮ್ಮ. ಇದು ಆಗುತ್ತೆ."

ಆಗುತ್ತೆ! ಹನ್ನೊಂದು ತಿಂಗಳಿಂದ ಹ್ವಾಜ ಮೂರು ದೇಶಗಳ ದೇವರುಗಳನ್ನು ಕಾಡಿ ಬೇಡಿದ್ದು ಈ ಒಂದು ಮಾತಿಗೆ. ನಿಶಿವಾಕಿ ಆಗಲೇ ಕಾಗದ ಬಿಡಿಸುತ್ತಿದ್ದ. ಮಹಡಿಯಲ್ಲಿ ಚಾಂಗ್ಸು ಕೆಮ್ಮುತ್ತಿದ್ದ. ಹ್ವಾಜ ನಾಲಿಗೆಯನ್ನು ಹಲ್ಲಿನಡಿ ಇಟ್ಟುಕೊಂಡಳು. ಇವಳೇನು ಕೂಸೇ, ಕಣ್ಣಿದೆ, ನೋಡಿ ಕೊಳ್ಳುತ್ತಿದ್ದಾಳೆ, ನನಗೇನು ಎಂದುಕೊಂಡಳು. ಒಂಬತ್ತು ದಿನ, ಒಂಬತ್ತು ದಿನ ಎಂದು ಮನಸ್ಸಿನಲ್ಲೇ ಜಪಿಸಿದಳು. ನ್ಯುಂಗ್ ಬಗ್ಗಿ, ತೊಟ್ಟಿಲಿಡುವ ಜಾಗವನ್ನು ಅಂಗೈಯಿಂದ ಸವರಿದಳು.

"ಅಲ್ಲಿ ಮಗು ಮಲಗಿಸ್ಬೇಡ," ಎಂದಳು ಹ್ವಾಜ.

ನಿಶಿವಾಕಿಯ ಲೇಖನಿ ನಿಂತಿತು.

"ನಿನ್ನ ಮೂಗು ಸತ್ತಿದೆ ಮಗಳೇ. ನಂದು ಸತ್ತು ಮೂವತ್ತು ವರ್ಷ ಆಯ್ತು, ಬಂದೋರ ಮುಖ ನೋಡಿ ನಂಗೆ ವಾಸನೆ ಗೊತ್ತಾಗೋದು. ಈ ಹಲಗೆ ತುಂಬ ಅಂಟಿದೆ. ಮೇಲೆ ಕೆಮ್ತಾ ಇರೋದು ನನ್ನ ಗಂಡ. ನನ್ನ ಮೂರನೇ ಮಗಳನ್ನ ಅದೇ ಮೂಲೇಲಿ ಮಲಗಿಸಿದ್ದೆ. ಈಗ ಅವಳಿಗೆ ನಲವತ್ತು ದಾಟಿದೆ, ಉಬ್ಬಸದ ಪಂಪ್ ಇಲ್ದೆ ಅಂಗಡಿಗೂ ಹೋಗಲ್ಲ."

ನ್ಯುಂಗ್ ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. ಗಂಡನನ್ನು ಕೇಳಿ ಹೇಳುತ್ತೇನೆ ಎಂದು ಬಾಗಿ ನಮಸ್ಕರಿಸಿ ಹೊರಟುಹೋದಳು.

ನಿಶಿವಾಕಿ ತಲೆ ಚಚ್ಚಿಕೊಂಡ. "ಇಡೀ ಒಸಾಕಾ ಜಾಲಾಡಿ ಒಬ್ಬಳೇ ಒಬ್ಬಳು ಮೂಗಿಲ್ಲದವಳನ್ನ ಹುಡುಕ್ಕೊಂಡು ಬಂದ್ರೆ, ಅವಳಿಗೂ ಮೂಗು ಅಂಟಿಸಿ ಕಳಿಸಿದ್ರಲ್ಲ ಅಜ್ಜಿ!"

"ನಲವತ್ತಮೂರು ವರ್ಷ ಅಂಟಿಸಿದ ಕೈ ಕಣೋ, ಸುಮ್ನಿರುತ್ತಾ?" ಎಂದಳು ಹ್ವಾಜ. ಹೇಳಿ ನಗಲು ಹೋದಳು, ಬಾಯಿ ಸೊಟ್ಟಗಾಯಿತೇ ಹೊರತು ನಗು ಬರಲಿಲ್ಲ.

"ಏನೇ, ಹೋದ್ರಾ?" ಮೇಲಿನಿಂದ ಚಾಂಗ್ಸುವಿನ ದನಿ ಬಂತು.

"ಹೋದ್ರು."

"ಇವರೂ ಮೂಗು ಮುಚ್ಕೊಂಡ್ರಾ?"

ಹ್ವಾಜ ಮೆಟ್ಟಿಲು ಹತ್ತಿ, ಅವನ ಕೋಣೆಯ ಬಾಗಿಲೆಳೆದು, ಕೆಳಗಿನ ಘಾಟು ನುಗ್ಗದಂತೆ ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ ಇಳಿದು ಬಂದಳು. ಹಿತ್ತಲಿನಿಂದ ಕಬ್ಬಿಣದ ಹಾರೆ ತಂದು ಮೂಲೆಯ ಹಲಗೆಯ ಕೆಳಗೆ ತೂರಿಸಿ ಮೀಟಿದಳು. ಹಲಗೆ ಕಿರುಚಿ ಎದ್ದಿತು. ಕೆಳಗಿನ ಮಣ್ಣು ಡಾಂಬರಿನಷ್ಟು ಕಪ್ಪಗಿತ್ತು.

"ಅಯ್ಯೋ ಅಜ್ಜಿ! ನೆಲವೇ ಇಲ್ಲದ ಮನೆ ಯಾರು ಕೊಳ್ತಾರೆ?"

"ಮೂಗಿದ್ದೋರು."

"ಒಂಬತ್ತೇ ದಿನ ಇರೋದು. ಹಲಗೆ ಎಷ್ಟಿವೆ ಗೊತ್ತಾ?"

"ನಿಂತು ಎಣಿಸ್ಬೇಡ. ಆ ತುದಿ ಹಿಡ್ಕೋ."

ನಿಶಿವಾಕಿ ಮೂಗಿಗೆ ಕರವಸ್ತ್ರ ಬಿಗಿದು ಕೋಟು ಬಿಚ್ಚಿದ. ಸಂಜೆಯವರೆಗೆ ಏಳು ಹಲಗೆ ಎದ್ದವು. ನ್ಯುಂಗಳಿಂದ ಸುದ್ದಿಯಿಲ್ಲ. ಮೇಲೆ ಕೆಮ್ಮು ನಿಲ್ಲುತ್ತಿರಲಿಲ್ಲ. ಎಂಟನೆಯ ಹಲಗೆಯ ಮೊಳೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಹಾರೆಗೆ ಜಗ್ಗಲಿಲ್ಲ. ಹ್ವಾಜ ಹಾರೆಯ ತುದಿಯ ಮೇಲೆ ಎರಡೂ ಕಾಲಿಟ್ಟು, ನಿಶಿವಾಕಿಯ ಹೆಗಲು ಹಿಡಿದುಕೊಂಡು, ತನ್ನ ಪೂರ್ತಿ ಭಾರ ಬಿಟ್ಟು ನಿಂತಳು.