ಹಗೇವಿನಿಂದ ತೆಗೆದ ಕರಿ ಬಿಯರ್

ಉತ್ತರಹಳ್ಳಿಯ ನನ್ನ ನೆರೆಯವ ವೆಂಕಟಪ್ಪ ರಾಗಿ ತುಂಬಿದ್ದ ನೆಲದಡಿಯ ಹಗೇವಿನಿಂದ ಬಿಯರ್ ಬಾಟಲಿಯೊಂದನ್ನು ಮೇಲೆತ್ತಿದ. ರಜಕ್ಕೆ ಬಂದಿದ್ದ ಅವನ ಬಾಮೈದ, ಸಿಪಾಯಿ ರಾಮಣ್ಣ, ಮೊದಲು ನೋಡಿದ್ದು ಅದರ ಮುಚ್ಚಳವನ್ನು.

“ಭಾವ, ಇದ್ಯಾಕೆ ಒಂದ್ಕಡೆ ಎದ್ದೈತೆ?”

ಅರವತ್ತರ ದಶಕದ ಮಾತು. ಹಿಂದಿನ ರಜದಲ್ಲಿ ರಾಮಣ್ಣ ಎರಡು ಬಗೆಯ ಬಿಯರ್ ತಂದಿದ್ದ. ತಿಳಿ ಬಣ್ಣದ್ದನ್ನು ಹೊಸದರಲ್ಲೇ ಕುಡಿಯಬೇಕು, ಕರಿಯದು ಇಟ್ಟಷ್ಟೂ ಮಾಗುತ್ತದೆ ಎಂದು ಅವನೇ ಹೇಳಿದ್ದ. ತಂಪಾಗಿರಲೆಂದು ವೆಂಕಟಪ್ಪ ಕರಿಯದನ್ನು ರಾಗಿಯೊಳಗೆ ಹೂತಿದ್ದ.

ಈಗ ತೆರೆದರೆ ಬುಸ್ಸೆನ್ನಲಿಲ್ಲ, ನೊರೆಯೂ ಬರಲಿಲ್ಲ. ರಾಮಣ್ಣ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಕುಡಿದಿದ್ರೆ ಕುಡಿದೆ ಅನ್ನಿ ಭಾವ. ಅದಕ್ಕೆ ನೀರು ಬೆರೆಸೋದಾ?”

“ನಿಮ್ಮಕ್ಕನಾಣೆ, ನಾನು ಮುಟ್ಟಿಲ್ಲ ಕಣೋ!”

“ಅಕ್ಕನ್ನ ಯಾಕೆ ಮಧ್ಯಕ್ಕೆ ಎಳೀತೀರಿ?”

ಹಗೇವಿನ ಬಾಯಿಗೆ ಮಣ್ಣು ಮೆತ್ತಿದಾಗ ನಾನು ಅಲ್ಲಿದ್ದೆ. ಆ ಬೆಳಿಗ್ಗೆ ಅದನ್ನು ಒಡೆಯುವವರೆಗೂ ಮಣ್ಣು ಬಿರುಕುಬಿಟ್ಟಿರಲಿಲ್ಲ. ಹಾಗೆಂದು ಹೇಳಿದೆ. ರಾಮಣ್ಣ ನನ್ನತ್ತ ತಿರುಗಿದ.

“ನಿಮಗೂ ಒಂದು ಲೋಟ ಸಿಕ್ಕಿರಬೇಕು ಸಾರ್.”

ಮುಂದೆಯೂ ಅವನು ರಜಕ್ಕೆ ಬರುತ್ತಿದ್ದ, ಬಿಯರನ್ನೂ ತರುತ್ತಿದ್ದ. ಬಂದ ದಿನವೇ ಭಾವ, ಬಾಮೈದ ಕೂತು ನಗುನಗುತ್ತಾ ಎಲ್ಲವನ್ನೂ ಖಾಲಿ ಮಾಡುತ್ತಿದ್ದರು. ಆಮೇಲೆ ರಾಮಣ್ಣ ಒಳಗೆ ಹೋಗಿ ತನ್ನ ಟ್ರಂಕಿಗೆ ಬೀಗ ಹಾಕಿ ಬರುತ್ತಿದ್ದ.